ಫ್ಲಾಪಿಯ ಹಣೆಗಿಟ್ಟ ಕುಂಕುಮ

ಸಿರುಗುಪ್ಪದ ಬಸ್ಸಿನ ಕಂಡಕ್ಟರು ನನಗೆ ‘ಫ್ಲಾಪಿ ಟೀಚರ್’ ಎಂದು ಹೆಸರಿಟ್ಟಿದ್ದ. ವಾರಕ್ಕೆರಡು ಸಲವಾದರೂ ನಾನು ಬಳ್ಳಾರಿಯಲ್ಲಿ ಆ ಬೆಳಗಿನ ಬಸ್ಸು ಹತ್ತುತ್ತಿದ್ದೆ. ತೊಡೆಯ ಮೇಲೊಂದು ಅಲ್ಯುಮಿನಿಯಂ ರೊಟ್ಟಿ ಡಬ್ಬಿ. ಅದರೊಳಗೆ ರೊಟ್ಟಿ ಇರುತ್ತಿರಲಿಲ್ಲ. ಎರಡು ರಟ್ಟಿನ ನಡುವೆ ಕಂಪ್ಯೂಟರಿನ ಫ್ಲಾಪಿಗಳಿರುತ್ತಿದ್ದವು. ಆಗಿನ ಫ್ಲಾಪಿ ಅಂಗೈಗಿಂತ ದೊಡ್ಡದು, ಹಿಡಿದರೆ ಬಾಗುವಂಥದು. ಬಸ್ಸಿನ ನೂಕಾಟದಲ್ಲಿ ಯಾರಾದರೂ ಮೊಣಕೈ ಊರಿದರೆ ಒಂದು ತಿಂಗಳ ಕೆಲಸ ಮಣ್ಣುಪಾಲು. ಹಾಗಾಗಿ ಡಬ್ಬಿ.

“ಏನ್ರಿ ಟೀಚರ್ರ, ಇವತ್ತೂ ಮಿಲ್ಲಿನಾಗ ಅಕ್ಷರ ಕೆಟ್ಟಾವೇನು?” ಎಂದು ಕಂಡಕ್ಟರು ಟಿಕೆಟ್ ಹರಿಯುತ್ತಲೇ ಕೇಳುತ್ತಿದ್ದ. ಪಕ್ಕ ಕೂರಲು ಬಂದವರಿಗೆ, “ಒಂದೀಟು ಸರದು ಕುಂದರ್ರಿ, ಆ ಡಬ್ಬ್ಯಾಗ ಕನ್ನಡ ಐತಿ” ಎನ್ನುತ್ತಿದ್ದ. ಅವನ ತಮಾಷೆಯೇ ನನ್ನ ಕೆಲಸದ ಸರಿಯಾದ ವಿವರಣೆಯಾಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕಲಿಸುತ್ತಿದ್ದ ಟೈಪಿಂಗ್ ಶಾಲೆಯಲ್ಲಿ ಟೈಪ್‌ರೈಟರುಗಳ ಸಾಲಿನ ಕೊನೆಗೆ ಒಂದು ಕಂಪ್ಯೂಟರ್ ಬಂದು ಕುಳಿತಿತ್ತು. ಜೊತೆಗೆ ಕರಕರ ಸದ್ದು ಮಾಡುವ ಒಂದು ಪ್ರಿಂಟರು. ಅದು ಇಂಗ್ಲಿಷನ್ನು ಮಾತ್ರ ಬಲ್ಲುದು. ಆದರೆ ಅದರ ತಲೆಯಲ್ಲಿರುವ ಸೂಜಿಗಳಿಗೆ ಯಾವ ಭಾಷೆಯೂ ಗೊತ್ತಿಲ್ಲ, ಹೇಳಿದ ಕಡೆ ಚುಕ್ಕೆ ಹೊಡೆಯುತ್ತವೆ ಅಷ್ಟೆ ಎಂದು ತಿಳಿದ ದಿನ ನನಗೆ ಹುಚ್ಚು ಹಿಡಿಯಿತು. ಗ್ರಾಫ್ ಹಾಳೆ ತಂದು ಅ-ಆ-ಇ-ಈ ಬರೆಯಲು ಕುಳಿತೆ. ಒಂದೊಂದು ಅಕ್ಷರವನ್ನು ನಿಂತ ಕಂಬಗಳಾಗಿ ಸೀಳುವುದು. ಕಂಬದಲ್ಲಿ ಎಲ್ಲೆಲ್ಲಿ ಚುಕ್ಕೆ ಬೇಕೋ ಅದಕ್ಕೆ ತಕ್ಕ ಬೆಲೆ ಕೂಡಿಸಿ ಒಂದು ಸಂಖ್ಯೆ ಮಾಡುವುದು. ಆ ಸಂಖ್ಯೆಗಳನ್ನು ಬೇಸಿಕ್ ಭಾಷೆಯ ಪ್ರೋಗ್ರಾಂನಲ್ಲಿ ಸಾಲುಸಾಲಾಗಿ ತುಂಬುವುದು. ಇಂಗ್ಲಿಷ್ ಅಕ್ಷರ ಒಂದು ಓಟದಲ್ಲಿ ಮುಗಿಯುತ್ತದೆ. ನಮ್ಮ ಅಕ್ಷರಕ್ಕೆ ಪ್ರಿಂಟರಿನ ತಲೆ ಮೂರು ಸಲ ಓಡಬೇಕು: ಮೇಲಿನ ಗುಣಿಸಿಗೆ ಒಮ್ಮೆ, ನಡುವಿನ ಮೈಗೆ ಒಮ್ಮೆ, ಕೆಳಗಿನ ಒತ್ತಿಗೆ ಒಮ್ಮೆ. ಮೂರೂ ಓಟ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡರೆ ಅಕ್ಷರ. ಇಲ್ಲದಿದ್ದರೆ ನಡುವೆ ಬಿಳಿ ಗೆರೆ ಬಿದ್ದು, ಸೊಂಟ ಮುರಿದವರ ಹಾಗೆ ಕಾಣುತ್ತಿತ್ತು.

ಈ ಅಕ್ಷರಗಳನ್ನು ಮೊದಲು ಬೇಕೆಂದವರು ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಸಾವ್ಕಾರರು. ಅವರ ಮಿಲ್ಲಿನಲ್ಲಿ ಕಾಟಾದ ಮೇಲೆ ತೂಗಿದ ಭತ್ತಕ್ಕೆ ರೈತರಿಗೆ ಇಂಗ್ಲಿಷ್ ಚೀಟಿ ಕೊಡುತ್ತಿದ್ದರು. ಎಷ್ಟು ಚೀಲ, ಎಷ್ಟು ತೂಕ, ತೇವಕ್ಕೆ ಎಷ್ಟು ಕಳೆದರು ಎಂದು ತಿಳಿಯಲು ರೈತ ಆ ಚೀಟಿ ಹಿಡಿದು ಓದಿದವರ ಹಿಂದೆ ಅಲೆಯಬೇಕು. ಮಿಲ್ಲಿನವರು ಹೇಳಿದ್ದೇ ತೂಕ ಎಂಬ ಗುಮಾನಿ ಊರೆಲ್ಲ ಇತ್ತು. ಅದನ್ನು ಕೇಳಿ ಕೇಳಿ ಬೇಸತ್ತ ಸಾವ್ಕಾರರು ಒಂದು ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಉಳಿದ ಮಿಲ್ಲಿನವರ ಎದುರಿಗೇ, ಈ ಸುಗ್ಗಿಗೆ ನಮ್ಮಲ್ಲಿ ಕನ್ನಡದ ಚೀಟಿ ಎಂದು ಹೇಳಿಬಿಟ್ಟರು. ಮಿಷನ್ನಿಗೆ ಕನ್ನಡ ಬರುತ್ತದೆಯೇ ಎಂದು ಎಲ್ಲರೂ ನಕ್ಕರು. ಆ ನಗು ಅವರಿಗೆ ನಾಟಿತ್ತು.

“ನೋಡ್ರಿ ಟೀಚರಮ್ಮ,” ಎಂದರು ನನಗೆ. “ದೀಪಾವಳಿ ಆದ ಮ್ಯಾಲ ನಮ್ಮ ಕಾಟಾ ಪೂಜಿ. ಅವತ್ತು ಮೊದಲನೇ ಗಾಡಿಗೇ ಕನ್ನಡದ ಚೀಟಿ ಬರಬೇಕು. ಬಂದ್ರ ನಿಮ್ಮ ಅಕ್ಷರ ನಮ್ಮ ಮಿಲ್ಲಿನಾಗ ಇರ್ತಾವ. ಬರ್ಲಿಲ್ಲ ಅಂದ್ರ ಹೈದರಾಬಾದಿನಿಂದ ಇಂಗ್ಲಿಷ್ ಪ್ರೋಗ್ರಾಂ ತರಸ್ತೀನಿ, ಮತ್ತ ಈ ಮಾತು ತೆಗಿಬ್ಯಾಡ್ರಿ.”

ನಾನು ತಲೆಯಾಡಿಸಿದೆ. ಅವರಿಗೆ ಮಾತಿನ ಪ್ರಶ್ನೆ. ನನಗೋ, ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚುಕ್ಕೆ ಇಟ್ಟು ಬೆಳೆಸಿದ ಅಕ್ಷರಗಳು ಯಾರದಾದರೂ ಕೈ ಸೇರುತ್ತವೆಯೋ, ಟೈಪಿಂಗ್ ಶಾಲೆಯ ಕಪಾಟಿನಲ್ಲೇ ಸಾಯುತ್ತವೆಯೋ ಎಂಬ ಪ್ರಶ್ನೆ.

ಇಲ್ಲಿ ನಮ್ಮ ಶಾಲೆಯ ಯಜಮಾನರಾದ ಮೇಷ್ಟ್ರ ವಿಷಯ ಹೇಳಬೇಕು. ಒಳ್ಳೆಯ ಮನುಷ್ಯ, ಆದರೆ ಬೀಗದ ಮೇಲೆ ಬಹಳ ನಂಬಿಕೆ. ಟೈಪ್‌ರೈಟರಿಗೂ ಬೀಗ, ಕಾರ್ಬನ್ ಹಾಳೆಗೂ ಬೀಗ. ಬೇಸಿಕ್‌ನಲ್ಲಿ ಪ್ರೋಗ್ರಾಂ ಉಳಿಸುವಾಗ ಕೊನೆಗೊಂದು ‘ಪಿ’ ಸೇರಿಸಿದರೆ ಅದಕ್ಕೂ ಬೀಗ ಬೀಳುತ್ತದೆ, ನಡೆಸಬಹುದು, ಆದರೆ ಒಳಗೇನು ಬರೆದಿದೆ ಎಂದು ಯಾರೂ ನೋಡಲಾಗದು ಎಂದು ಗೊತ್ತಾದಾಗ ಅವರಿಗೆ ಆದ ಸಂತೋಷ ಹೇಳತೀರದು. “ಪಿ ಹಾಕು ತಂಗಿ, ಮರೀಬ್ಯಾಡ,” ಎಂದು ದಿನಾ ನೆನಪಿಸುತ್ತಿದ್ದರು. ಮರೆತರೆ ಸಿಟ್ಟು. ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು.

ಆ ಬೀಗದ ಫಲವೇ ನನ್ನ ಬಸ್ ಪ್ರಯಾಣ. ಮಿಲ್ಲಿನ ಗುಮಾಸ್ತರಾದ ಸಾಹೇಬರಿಗೆ ಊರಿನ ಹೆಸರು ಚೀಟಿಯ ಮೇಲ್ಗಡೆ ಬೇಕು. ನಾನು ಹೋಗಬೇಕು. ‘ತೇವ’ದ ಸಾಲು ತೂಕದ ಕೆಳಗೆ ಬೇಕು. ನಾನು ಹೋಗಬೇಕು. ಕುರುಗೋಡಿನಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯೂ ನಮ್ಮ ಪ್ರೋಗ್ರಾಂ ತೆಗೆದುಕೊಂಡಿತ್ತು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಆ ಮನೆಯ ಸೊಸೆ, ಬಿಎಸ್ಸಿ ಓದಿದ ಚೂಟಿ ಹುಡುಗಿ. ಅವಳಿಗೆ ‘ಹತ್ತಿ’ಯ ಒತ್ತು ತೀರಾ ಸೊಟ್ಟಗೆ ಕಾಣುತ್ತಿತ್ತು. ಅದಕ್ಕೂ ನಾನೇ ಹೋಗಬೇಕು.

“ಟೀಚರಮ್ಮಾರ,” ಎಂದರು ಸಾಹೇಬರು ಒಂದು ಮಧ್ಯಾಹ್ನ, ನಾನು ನಾಲ್ಕಕ್ಷರ ತಿದ್ದಿ ಬೆವರು ಒರೆಸಿಕೊಳ್ಳುವಾಗ, “ಈ ಬದಲಿ ನಾನs ಮಾಡ್ತಿದ್ನೆಲ್ರಿ. ಮ್ಯಾನುಯಲ್ ಪೂರಾ ಓದೀನಿ. ಒಳಗ ನೋಡಾಕ ಹೋದ್ರ ಬಾಗ್ಲ ಹಾಕೈತಿ. ನಿಮಗ ಸುಮ್ಕ ತಕಲೀಫು.”

ಅದನ್ನೇ ಮೇಷ್ಟ್ರ ಮುಂದೆ ಹೇಳಿದೆ. ಶಾಲೆಯ ಹಿಂಭಾಗದಲ್ಲೇ ಅವರ ಮನೆ. ಅಂಗಳದ ಬಾಗಿಲಲ್ಲಿ ನಿಂತೇ ವಾದ ಶುರುವಾಯಿತು. ಬೀಗ ತೆಗೆದರೆ ಊರೆಲ್ಲ ನಕಲು ಮಾಡುತ್ತಾರೆ, ನಾಳೆ ನಮ್ಮ ಪ್ರೋಗ್ರಾಂ ಅಂತ ಏನೂ ಉಳಿಯುವುದಿಲ್ಲ ಎಂದು ಅವರು. ಬೀಗ ಹೀಗೇ ಇದ್ದರೆ ಕಾಟಾ ಪೂಜೆಯ ಹೊತ್ತಿಗೆ ನಾನು ಬಸ್ಸಿನಲ್ಲೇ ಮುದುಕಿಯಾಗುತ್ತೇನೆ ಎಂದು ನಾನು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಂದು ಬಟ್ಟಲು ಹಿಡಿದು ಬಂದು ಹೆಪ್ಪು ಕೇಳಿದಳು. ಮೇಷ್ಟ್ರ ಹೆಂಡತಿ ಒಳಗಿನಿಂದ ಒಂದು ಚಮಚ ಮೊಸರು ತಂದು ಬಟ್ಟಲಿಗೆ ಹಾಕಿದರು. ಆಕೆ ಹೋದ ಮೇಲೆ ಗಂಡನ ಕಡೆ ತಿರುಗಿದರು.

“ಏನ್ರಿ, ದಿನಾ ಇಡೀ ಓಣಿಗೆ ಹೆಪ್ಪು ಕೊಡ್ತೀನಿ. ನಮ್ಮ ಮೊಸರು ಕಡಿಮಿ ಆಗೇತೇನು?”

“ಮೊಸರು ಬ್ಯಾರೆ, ಪ್ರೋಗ್ರಾಂ ಬ್ಯಾರೆ,” ಎಂದರು ಮೇಷ್ಟ್ರು.

“ನಿಮ್ಮದು ನನಗ ತಿಳಿಯಂಗಿಲ್ಲ. ಹ್ವಾದ ಬ್ಯಾಸಿಗ್ಯಾಗ ನಮ್ಮನ್ಯಾಗ ಬೆಕ್ಕು ಗಡಿಗಿ ಉರುಳಿಸಿ ಹೆಪ್ಪಿಗೂ ಮೊಸರು ಉಳೀಲಿಲ್ಲ. ಅವತ್ತು ನಾ ಎಲ್ಲಿ ಹೋದೆ? ನಾ ಕೊಟ್ಟವರ ಮನಿಗೇ ಹೋದೆ. ಅವರ ಕಡೆ ಇತ್ತು ಅಂತ ಮತ್ತ ನಮ್ಮ ಕಡೆ ಆತು.”

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಮೇಷ್ಟ್ರು ರೊಟ್ಟಿ ಡಬ್ಬಿಯ ಕಡೆ ನೋಡುತ್ತ, “ಪಿ ತೆಗೆದು ಕೊಡು. ಮುಂದ ಏನಾರ ಆದ್ರ ನಿನ್ನ ಜವಾಬ್ದಾರಿ,” ಎಂದರು. ನನಗೆ ಹಾರಿ ಕುಣಿಯಬೇಕೆನಿಸಿತು. ಸಭ್ಯಳಾಗಿ “ಆಯ್ತ್ರಿ ಸರ್” ಎಂದೆ.

ಬೀಗ ತೆಗೆದ ಪ್ರತಿ ಒಂದು ಸಿರುಗುಪ್ಪಕ್ಕೆ, ಒಂದು ಕುರುಗೋಡಿಗೆ ಹೋಯಿತು. ಆಮೇಲಿನದು ಮಜವಾಗಿತ್ತು. ಸಾಹೇಬರು ತಮಗೆ ಬೇಕಾದ ಸಾಲುಗಳನ್ನು ತಾವೇ ಸೇರಿಸತೊಡಗಿದರು. ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಇರುತ್ತದೆ. ನಡುವೆ ಏನಾದರೂ ತೂರಿಸಲು ಜಾಗವಿರಲೆಂದು ನಾನು ಹತ್ತು ಹತ್ತು ಬಿಟ್ಟು ಬರೆದಿದ್ದೆ. ಅವರು ಆ ಸಂದಿಗಳಲ್ಲೆಲ್ಲ ತಮ್ಮ ಸಾಲು ತುರುಕಿದರು. ಆಂಧ್ರದ ಆದವಾನಿ ಕಡೆಯಿಂದ ಬರುವ ರೈತರಿಗೆ ಬೇಕೆಂದು ತಲೆಕಟ್ಟುಗಳನ್ನು ತಿದ್ದಿ, ನಾಲ್ಕಾರು ಅಕ್ಷರ ಹೊಸದಾಗಿ ಮಾಡಿ, ಅದೇ ಪ್ರೋಗ್ರಾಂನಿಂದ ತೆಲುಗು ಚೀಟಿಯನ್ನೂ ಹೊರಡಿಸಿಬಿಟ್ಟರು. ಕುರುಗೋಡಿನ ಸೊಸೆಯದು ಬೇರೆಯೇ ದಾರಿ. ಅವಳು ಒತ್ತಕ್ಷರಗಳನ್ನೆಲ್ಲ ಹೊಸದಾಗಿ ಬರೆದಳು. ಬಿಳಿ ಗೆರೆ ಬೀಳದಂತೆ ಮೂರು ಓಟಗಳನ್ನು ಕೂಡಿಸಿದಳು. ಇತ್ತ ನಾನೂ ಬಳ್ಳಾರಿಯಲ್ಲಿ ಸುಮ್ಮನಿರದೆ ನನ್ನ ಪ್ರತಿಯನ್ನು ನನ್ನ ರೀತಿಯಲ್ಲಿ ತಿದ್ದುತ್ತಿದ್ದೆ. ಒಂದು ತಾಯಿಯ ಮೂರು ಮಕ್ಕಳು ಮೂರು ಊರಲ್ಲಿ ಬೆಳೆಯುತ್ತಿದ್ದವು. ದೀಪಾವಳಿ ಮುಗಿಯಲಿ, ಮೂರನ್ನೂ ಒಂದು ಮಾಡಿ ಕಾಟಾ ಪೂಜೆಗೆ ಒಯ್ಯೋಣ ಎಂದುಕೊಂಡೆ.

ದೀಪಾವಳಿಗೆ ನಮ್ಮ ಕಡೆ ಅಂಗಡಿ ಪೂಜೆ ಜೋರು. ತಕ್ಕಡಿ, ಹೊಲಿಗೆ ಮಿಷನ್ನು, ಖಾತೆ ಪುಸ್ತಕ, ಅನ್ನ ಕೊಡುವ ಯಾವುದನ್ನೂ ಬಿಡುವಂತಿಲ್ಲ. ನಮ್ಮ ಶಾಲೆಯಲ್ಲಿ ಟೈಪ್‌ರೈಟರುಗಳಿಗೆ ಚೆಂಡುಹೂವಿನ ಸರ, ಕಂಪ್ಯೂಟರಿಗೆ ಬಾಳೆದಿಂಡು. ನಾನು ತೌರಿಗೆ ಹೋಗಿದ್ದೆ. ಹಬ್ಬ ಮುಗಿಸಿ ಬಂದಾಗ ಪೂಜೆಯ ಹೂವಿನ್ನೂ ಬಾಡಿರಲಿಲ್ಲ. ಕಂಪ್ಯೂಟರಿಗೆ ಕೈಮುಗಿದು ಮೂಲ ಫ್ಲಾಪಿಯನ್ನು ಒಳಗೆ ತಳ್ಳಿದೆ. ಕಿರ್ ಕಿರ್ ಎಂದಿತು. ತಪ್ಪಿದೆ ಎಂದು ಪರದೆಯ ಮೇಲೆ ಬಂತು. ಮತ್ತೆ ಪ್ರಯತ್ನಿಸಿದೆ. ಮತ್ತೆ ಕಿರ್ ಕಿರ್. ಇರಲಿ ಎಂದು, ಹುಷಾರಿಗೆ ಇಟ್ಟಿದ್ದ ಎರಡನೆಯ ಪ್ರತಿ ಹಾಕಿದೆ. ಅದೂ ಕಿರುಗುಟ್ಟಿತು. ಆಗ ಹೊರತೆಗೆದು ಬೆಳಕಿಗೆ ಹಿಡಿದೆ.

ಫ್ಲಾಪಿಯ ಕಪ್ಪು ಕವಚದಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ. ಅಲ್ಲಿ ಒಳಗಿನ ಕಂದು ತಟ್ಟೆ ಕಾಣುತ್ತದೆ. ಕಂಪ್ಯೂಟರ್ ಓದುವುದು ಅಲ್ಲಿಂದಲೇ. ಬೆರಳು ಕೂಡ ತಾಗಿಸಬಾರದ ಆ ಜಾಗದಲ್ಲಿ, ನೀರಲ್ಲಿ ಕಲಸಿದ ಕುಂಕುಮದ ದುಂಡನೆಯ ಬೊಟ್ಟು, ಅದರ ಮೇಲೆ ಅಂಟಿದ ಒಂದು ಅಕ್ಷತೆಕಾಳು. ಕಪಾಟು ತೆಗೆದೆ. ಎಲ್ಲ ಫ್ಲಾಪಿಗೂ ಬೊಟ್ಟು. ಮೇಷ್ಟ್ರು ಭಕ್ತಿಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

“ಅಲ್ರಿ ಸರ್, ಆ ಕಿಂಡ್ಯಾಗೇ ಯಾಕಿಟ್ರಿ?” ಎಂದೆ ಅಳುತ್ತ.

“ಕರೇದು ಅದರ ಅಂಗಿ ಅಲ್ಲೇನು ತಂಗಿ? ಅಂಗಿಗೆ ಯಾರಾರ ಕುಂಕುಮ ಇಡ್ತಾರ? ಕಿಂಡ್ಯಾಗ ಹಣಿ ಕಾಣತಿತ್ತು, ಹಣಿಗೆ ಇಟ್ಟೆ,” ಎಂದರು ಮೇಷ್ಟ್ರು. ಏನಾಗಿದೆ ಎಂದು ತಿಳಿದ ಮೇಲೆ ಪಾಪ, ಕುರ್ಚಿಯಲ್ಲಿ ಕುಸಿದು ಕುಳಿತರು. ಬೀಗ ಹಾಕಿದ ಕಪಾಟು, ಬೀಗದ ಕೈ ಅವರದೇ ಜನಿವಾರದಲ್ಲಿ. ಅದನ್ನು ಹಿಡಿದು ನೋಡುತ್ತ, “ಕಳ್ಳ ಬಂದಿದ್ರ ಒಂದ ಒಯ್ತಿದ್ದ,” ಎಂದು ಗೊಣಗಿದರು. ಅಳುತ್ತಿದ್ದ ನನಗೆ ನಗು ಬಂದುಬಿಟ್ಟಿತು. ಅವರಿಗೂ ಬಂತು.

ನಗು ನಿಂತ ಮೇಲೆ ಲೆಕ್ಕ ಹಾಕಿದೆ. ನಾನು ಕೊನೆಗೆ ತಿದ್ದಿದ್ದೆಲ್ಲ ಹೋಗಿತ್ತು. ಕುಂಕುಮ, ಫ್ಲಾಪಿ ತಳ್ಳುವ ಡ್ರೈವಿನ ಒಳಗೂ ಮೆತ್ತಿಕೊಂಡಿತ್ತು, ಈಗ ಯಾವ ಹೊಸ ಫ್ಲಾಪಿ ಹಾಕಿದರೂ ಗೀರು ಬೀಳುತ್ತಿತ್ತು. ಸ್ಪಿರಿಟ್ ತರಿಸಿ, ಕಡ್ಡಿಗೆ ಹತ್ತಿ ಸುತ್ತಿ, ಅದರ ಓದುವ ತಲೆಯನ್ನು ಒರೆಸಿದೆ. ಹತ್ತಿ ಕೆಂಪಗಾಗಿ ಬರುತ್ತಲೇ ಇತ್ತು. ಕಾಟಾ ಪೂಜೆಗೆ ಉಳಿದದ್ದು ಬೆರಳೆಣಿಕೆಯ ದಿನ. ಎಲ್ಲವನ್ನೂ ನೆನಪಿನಿಂದ ಮತ್ತೆ ಬರೆಯಲು ತಿಂಗಳಾದರೂ ಬೇಕು.

ಆಗ ಮೇಷ್ಟ್ರ ಹೆಂಡತಿ ಕಾಫಿ ತಂದಿಟ್ಟು, ಗಂಡನ ಕಡೆ ನೋಡದೆಯೇ, “ಕೊಟ್ಟವರ ಮನಿಗೆ ಹೋಗ್ರಿ,” ಎಂದರು.

ಕುರುಗೋಡಿಗೆ ಹೋಗುವಾಗ ರೊಟ್ಟಿ ಡಬ್ಬಿಯನ್ನು ಮೇಷ್ಟ್ರೇ ಹಿಡಿದರು. ನಾನು ಕೇಳಿದರೂ ಕೊಡಲಿಲ್ಲ. ಅಂಗಡಿಯಲ್ಲಿ ಸೊಸೆ ನಮ್ಮ ಕಥೆ ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕಳು, ಆಮೇಲೆ ತನ್ನ ಪ್ರೋಗ್ರಾಂ ತೆರೆದಳು. ನಾನು ನೋಡುತ್ತಾ ನಿಂತುಬಿಟ್ಟೆ. ನನ್ನ ಗೊಂದಲವನ್ನೆಲ್ಲ ಗುಡಿಸಿ ಹಾಕಿದ್ದಳು. ಸಾಲುಗಳ ಸಂಖ್ಯೆಯನ್ನು ಮೊದಲಿನಿಂದ ಹೊಸದಾಗಿ ಹಾಕಿ ಒಪ್ಪ ಮಾಡಿದ್ದಳು. ಒತ್ತುಗಳು ನಾನು ಬರೆದದ್ದಕ್ಕಿಂತ ಚೆನ್ನಾಗಿದ್ದವು. ಮೆಚ್ಚಿಗೆಯೂ ಆಯಿತು, ಹೊಟ್ಟೆಯಲ್ಲಿ ಸಣ್ಣದಾಗಿ ಉರಿಯೂ ಆಯಿತು. ಅದರ ಪ್ರತಿ ಮಾಡಿಕೊಂಡು ಅಲ್ಲಿಂದ ಸಿರುಗುಪ್ಪಕ್ಕೆ ಹೋದೆವು. ಸಾಹೇಬರ ಪ್ರತಿಯೂ ಸುರಕ್ಷಿತವಾಗಿತ್ತು.

ಇನ್ನು ಎರಡನ್ನೂ ಕೂಡಿಸಿದರೆ ಮುಗಿಯಿತು ಎಂದುಕೊಂಡೆ. ಬೇಸಿಕ್‌ನಲ್ಲಿ ಅದಕ್ಕೆಂದೇ ‘ಮರ್ಜ್’ ಎಂಬ ಆಜ್ಞೆ ಇದೆ. ಎರಡು ಪ್ರೋಗ್ರಾಂ ಸೇರಿಸಿ ಒಂದು ಮಾಡುತ್ತದೆ. ಆದರೆ ಒಂದೇ ಸಂಖ್ಯೆಯ ಸಾಲು ಎರಡರಲ್ಲೂ ಇದ್ದರೆ, ಬಂದ ಸಾಲು ಇದ್ದ ಸಾಲನ್ನು ಎಬ್ಬಿಸಿ ತಾನು ಕುಳಿತುಬಿಡುತ್ತದೆ, ಹೇಳದೆ ಕೇಳದೆ. ಸೊಸೆ ಸಂಖ್ಯೆಗಳನ್ನೆಲ್ಲ ಬದಲಿಸಿದ್ದಳು. ಸಾಹೇಬರು ಹಳೆಯ ಸಂದಿಗಳಲ್ಲಿ ತುರುಕಿದ್ದರು. ನಾನು ಮರ್ಜ್ ಕೊಟ್ಟೆ. ಯಂತ್ರ ತುಟಿಪಿಟಕ್ಕೆನ್ನದೆ ಮುಗಿಸಿತು. ಚೀಟಿ ಹೊಡೆಸಿದೆವು. ಚೀಲದ ಮುಂದೆ ಏನೂ ಇಲ್ಲ, ತೂಕದ ಮುಂದೆ ರೈತನ ಹೆಸರು, ‘ತೇವ’ದ ಮುಂದೆ ಅವನ ಊರು ‘ರಾರಾವಿ’ ಎಂದು ಬಂತು.

ಸಾವ್ಕಾರರು ಚೀಟಿ ಎತ್ತಿಕೊಂಡು ಓದಿದರು. “ರಾರಾವ್ಯಾಗ ತೇವ ಐತಿ ಅನ್ನೋದು ಹೊಳಿ ದಂಡಿಗೆ ಇರೋರಿಗೆ ಗೊತ್ತೈತಿ ಬಿಡ್ರಿ. ಅದಕ್ಕ ಕಂಪ್ಯೂಟರ್ ಯಾಕ?” ಎಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. “ನಾಡಿದ್ದ ಪೂಜಿ ಐತಿ ಟೀಚರಮ್ಮ. ಹೈದರಾಬಾದಿಗೆ ಟ್ರಂಕ್ ಕಾಲ್ ಮಾಡಬೇಕೋ ಬ್ಯಾಡೋ, ಅಷ್ಟ ಹೇಳ್ರಿ.”

“ಬ್ಯಾಡ್ರಿ,” ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ.

ಮಿಲ್ಲಿನ ಹಿಂದಿನ ಬೇವಿನ ಗಿಡದ ಕೆಳಗೆ ಕುಳಿತು ಯೋಚಿಸಿದೆ. ನನ್ನ ಮೂಲ ಹೇಗಿತ್ತೋ ಹಾಗೆ ಮತ್ತೆ ಕಟ್ಟಿ, ಇವರಿಬ್ಬರ ತಿದ್ದುಪಡಿಗಳನ್ನು ಅದರೊಳಗೆ ತರಬೇಕು ಎಂಬುದೇ ಅಲ್ಲಿಯವರೆಗೂ ನನ್ನ ಹಟ. ಪ್ರೋಗ್ರಾಂ ನನ್ನದಲ್ಲವೇ? ಆದರೆ ಸತ್ಯ ಕಣ್ಣೆದುರಿಗಿತ್ತು. ಈಗಿರುವವುಗಳಲ್ಲಿ ಗಟ್ಟಿಯಾದದ್ದು ಕುರುಗೋಡಿನದು. ಅದನ್ನೇ ಬುನಾದಿ ಮಾಡಿಕೊಂಡು, ಅದರ ಮೇಲೆ ಸಾಹೇಬರ ಸಾಲುಗಳನ್ನು ಅರ್ಥ ತಿಳಿದು ಕೈಯಾರೆ ಕೂರಿಸಬೇಕು. ಅರ್ಥ ಹೇಳಲು ಬರೆದವರೇ ಬೇಕು. ನನ್ನದು ಎಂಬುದನ್ನು ಬಿಟ್ಟುಕೊಡಲು ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಬಿಟ್ಟ ಮೇಲೆ ತಲೆ ಹಗುರಾಯಿತು. ಎದ್ದು ಹೋಗಿ ಕುರುಗೋಡಿನ ಅಂಗಡಿಗೆ ಫೋನ್ ಹಚ್ಚಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಸೊಸೆ ಬಂದಳು, ಅತ್ತೆಯನ್ನು ಕರೆದುಕೊಂಡು. ಎರಡೂ ಪ್ರೋಗ್ರಾಂಗಳನ್ನು ಉದ್ದನೆಯ ಹಾಳೆಯ ಮೇಲೆ ಮುದ್ರಿಸಿ, ಗೋದಾಮಿನ ನೆಲದ ಮೇಲೆ ಹಾಸಿದೆವು. ಪಕ್ಕಪಕ್ಕದಲ್ಲಿ ಎರಡು ಪಟ್ಟೆ, ಬಾಗಿಲಿಂದ ಗೋಡೆಯವರೆಗೆ. ಹಾರದಂತೆ ಕಾಟಾದ ತೂಕದ ಕಲ್ಲುಗಳನ್ನಿಟ್ಟೆವು. ಆದರೂ ಒಂದು ತುದಿ ಪಟಪಟ ಎನ್ನುತ್ತಿತ್ತು.

“ನಾ ಎಲ್ಲಿ ಕುಂದರ್ಲೆವಾ?” ಎಂದರು ಅತ್ತೆ.

“ಈ ಹಾಳಿ ಮ್ಯಾಲ ಕುಂದರ್ರಿ ಅತ್ತಿ. ಗಾಳಿಗೆ ಹಾರ್ತಾವ,” ಎಂದಳು ಸೊಸೆ. ಅತ್ತೆ ಕುಳಿತರು, ಎಲೆ-ಅಡಿಕೆಯ ಚೀಲ ಬಿಚ್ಚಿಕೊಂಡರು. ಸಂಜೆಯವರೆಗೆ ಆ ತುದಿ ಅಲುಗಲಿಲ್ಲ.

ಸಾಹೇಬರು ತಮ್ಮ ಪಟ್ಟೆಯಿಂದ ಒಂದೊಂದೇ ಸಾಲು ಗಟ್ಟಿಯಾಗಿ ಓದುವುದು. ಸೊಸೆ ತನ್ನ ಪಟ್ಟೆಯಲ್ಲಿ ಅದರ ಜೋಡಿ ಹುಡುಕುವುದು. ಎರಡೂ ಒಂದೇ ಇದ್ದರೆ ನಾನು ಹಸಿರು ಗೀಟು ಹಾಕುವುದು. ಬೇರೆ ಇದ್ದರೆ ನಿಲ್ಲಿಸಿ, “ಇದು ಯಾಕ?” ಎಂದು ಕೇಳುವುದು. ಬರೆದವರು ಕಾರಣ ಹೇಳಬೇಕು. ಕಾರಣ ಸರಿಯೆನಿಸಿದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಸ ಸಂಖ್ಯೆ ಬರೆಯುವುದು. ಕೆಲವಕ್ಕೆ ಬರೆದವರಿಗೇ ಕಾರಣ ನೆನಪಿರಲಿಲ್ಲ.

“ಈ ಸಾಲು ತೆಗೆದ್ರ ಏನಾಗ್ತೈತ್ರಿ ಸಾಹೇಬ್ರ?” ಎಂದೆ ಒಂದು ಕಡೆ.

“ಏನಾಗ್ತೈತೋ ಗೊತ್ತಿಲ್ರಿ. ತೆಗಿಯಾಕ ಅಂಜಿಕಿ ಬರ್ತೈತಿ, ಬರಾಬರ್ ನಡೆಯಾಕತ್ತೈತಲ್ಲ ಅಂತ ಬಿಟ್ಟೀನಿ.”

ಹೀಗೆ ಓದುತ್ತ ಹೋದಾಗ ‘ಲ’ ಅಕ್ಷರದ ಸಂಖ್ಯೆಗಳು ಬಂದವು. ಎರಡೂ ಪಟ್ಟೆಯಲ್ಲಿ ಒಂದೇ. ನಾನು ಹಸಿರು ಗೀಟು ಹಾಕಲು ಹೋಗಿ ಕೈ ತಡೆದೆ. ಅಲ್ಲೊಂದು ಸಂಖ್ಯೆ ತಪ್ಪಿತ್ತು. ಕೂಡಿಸುವಾಗ ಒಂದು ಕಂಬಕ್ಕೆ ಮೇಲಿನ ಚುಕ್ಕೆಯ ಬೆಲೆಯನ್ನೂ ನಾನು ಸೇರಿಸಿಬಿಟ್ಟಿದ್ದೆ. ‘ಚೀಲ’ದಲ್ಲಿ, ‘ಲಾರಿ’ಯಲ್ಲಿ, ಎಲ್ಲೆಲ್ಲಿ ‘ಲ’ ಬಂದರೂ ಅದರ ತಲೆಯ ಎಡಗಡೆ ಬೇಡದ ಒಂದು ಚುಕ್ಕೆ.

“ಇಷ್ಟೆಲ್ಲಾ ತಿದ್ದೀಯಲ್ಲ, ಇದನ್ನ ಯಾಕ ಬಿಟ್ಟಿ?” ಎಂದು ಸೊಸೆಯನ್ನು ಕೇಳಿದೆ.

“ಮೊದಲ ದಿವಸನs ಕಂಡಿತ್ರಿ ಅಕ್ಕಾರ,” ಎಂದಳು. “ಇಷ್ಟು ಚೆಂದ ಅಕ್ಷರಕ್ಕ ಒಂದು ದೃಷ್ಟಿಬೊಟ್ಟು ಇರ್ಲಿ ಅಂತ ಬಿಟ್ಟೀನಿ. ಕೂಸಿಗೆ ಕೆನ್ನಿ ಮ್ಯಾಲ ಕಾಡಿಗಿ ಹಚ್ಚಂಗಿಲ್ಲೇನು?”

ಸಾಹೇಬರು ತಾವು ಯಾಕೆ ಬಿಟ್ಟರೆಂದು ಹೇಳಿದರು. ತೆಲುಗಿನ ‘ಲ’ ಕೂಡ ಕನ್ನಡದ ಹಾಗೇ ಇರುವುದರಿಂದ ಅದಕ್ಕೆ ಕೈ ಹಚ್ಚುವ ಕೆಲಸವೇ ಬಿದ್ದಿರಲಿಲ್ಲ. ನಾನು ಅಳಿಸಲು ತೆಗೆದ ಪೆನ್ನನ್ನು ಮುಚ್ಚಿದೆ. ಮೇಷ್ಟ್ರು ಕೆಮ್ಮಿ, “ಬೊಟ್ಟು ಎಲ್ಲಿ ಇಡಬೇಕು ಅನ್ನೋದು ಗೊತ್ತಿರಬೇಕು,” ಎಂದರು ತಮ್ಮಷ್ಟಕ್ಕೆ.

ಹೊತ್ತು ಇಳಿಯುವುದರೊಳಗೆ ಎಲ್ಲವನ್ನೂ ಕೂರಿಸಿ, ಚೀಟಿ ಹೊಡೆಸಿ ನೋಡಿದ್ದಾಯಿತು. ಮುಂದೆ ಇಂಥ ಪಾಡು ಬೇಡವೆಂದು ನಾಲ್ವರೂ ಸೇರಿ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಸಾಲುಗಳನ್ನು ಹೊಲ ಹಂಚಿದ ಹಾಗೆ ಹಂಚಿದೆವು. ಮೊದಲ ಸಾವಿರಗಳು ಬಳ್ಳಾರಿಗೆ, ನಡುವಿನವು ಕುರುಗೋಡಿನ ಅಕ್ಷರಗಳಿಗೆ, ಕೊನೆಯವು ಸಿರುಗುಪ್ಪದ ಚೀಟಿಗೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೇಳದೆ ಇಳಿಯುವಂತಿಲ್ಲ. ಏನು ಬದಲಿಸಿದರೂ ಪಕ್ಕದಲ್ಲಿ ಊರಿನ ಹೆಸರು ಮತ್ತು ಕಾರಣವನ್ನು ಬರೆಯಬೇಕು. ಸಂಖ್ಯೆಯನ್ನು ಮೊದಲಿನಿಂದ ಹಾಕುವ ಆಜ್ಞೆಯನ್ನು ಯಾರೂ ಮುಟ್ಟಬಾರದು. ಇದನ್ನು ಹೇಳುವಾಗ ಎಲ್ಲರೂ ಸೊಸೆಯ ಕಡೆ ನೋಡಿದೆವು, ಅವಳು ಕಿವಿ ಹಿಡಿದುಕೊಂಡಳು. ಕೂಡಿಸಿದ ಪ್ರತಿಗೆ ಒಂದು ನಂಬರು ಕೊಟ್ಟು, ಅದೇ ನಂಬರಿನ ಫ್ಲಾಪಿ ಮೂರೂ ಊರಲ್ಲಿ ಇರಬೇಕು ಎಂಬುದು ಮೇಷ್ಟ್ರ ಸೂಚನೆ. “ಬೀಗ ಬ್ಯಾಡ,” ಎಂದೂ ಅವರೇ ಸೇರಿಸಿದರು.

ಪೂಜೆಯ ದಿನ ಕಾಟಾಕ್ಕೆ ಹೂವಿನ ಹಾರ ಬಿದ್ದಿತ್ತು. ನಕ್ಕಿದ್ದ ಮಿಲ್ಲಿನವರೂ ನೋಡಲು ಬಂದಿದ್ದರು. ಸಾವ್ಕಾರರು ಕುಂಕುಮದ ಬಟ್ಟಲು ಹಿಡಿದು ಕಾಟಾ ಮುಗಿಸಿ ಕಂಪ್ಯೂಟರಿನ ಕಡೆ ಹೆಜ್ಜೆ ಹಾಕಿದರು. ಅಷ್ಟರಲ್ಲಿ ಮೇಷ್ಟ್ರು ಜಿಗಿದು ನಡುವೆ ನಿಂತರು. ಜೇಬಿನಿಂದ, ದೀಪಾವಳಿಯಲ್ಲಿ ಕೆಟ್ಟ ಒಂದು ಫ್ಲಾಪಿಯನ್ನು ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು.

“ಇದಕ್ಕ ಇಡ್ರಿ ಸಾವ್ಕಾರ್ರ. ಇದು ಪೂಜಿಗೆ ಅಂತನs ಇರೋದು. ಇದಕ್ಕ ಮೊದಲೇ ಅಭ್ಯಾಸ ಆಗೈತಿ.”

ಮೊದಲ ಗಾಡಿ ರಾರಾವಿಯದು. ಒಬ್ಬ ವಯಸ್ಸಾದ ರೈತ, ತಲೆಗೆ ರುಮಾಲು. ಸಾಹೇಬರು ತೂಕ ಒತ್ತಿದರು. ಪ್ರಿಂಟರಿನ ತಲೆ ಒಮ್ಮೆ ಓಡಿತು, ಬರೀ ಗುಣಿಸುಗಳು ಮೂಡಿದವು. ಮತ್ತೊಮ್ಮೆ ಓಡಿತು, ಅಕ್ಷರಗಳಿಗೆ ಮೈ ಬಂತು. ಮೂರನೆಯ ಸಲ ಒತ್ತುಗಳು. ಬಿಳಿ ಗೆರೆ ಬೀಳಲಿಲ್ಲ. ರೈತ ಚೀಟಿಯನ್ನು ಕಣ್ಣಿಗೆ ದೂರ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ ಓದಿದ. ಊರು ಓದಿದ. ತನ್ನ ಹೆಸರು ಓದಿದ. ಚೀಲ, ತೂಕ ಓದಿದ. ಆಮೇಲೆ ಹುಬ್ಬು ಗಂಟಿಕ್ಕಿದ.

“ಸಾವ್ಕಾರ್ರ, ತೇವಕ್ಕ ಇಷ್ಟು ಯಾಕ ಕಳದೀರಿ? ನನ್ನ ನೆಲ್ಲು ಮೂರು ಬಿಸಲು ಕಂಡೈತಿ. ಬರ್ರಿ, ಚೀಲಕ್ಕ ಕೈ ಹಾಕಿ ನೋಡ್ರಿ.”

ಸಾವ್ಕಾರರು ಹೋಗಿ ಚೀಲಕ್ಕೆ ಕೈ ಹಾಕಿದರು, ಕಾಳು ಹಲ್ಲಿಗೆ ಕೊಟ್ಟು ಕಟುಮ್ಮೆನಿಸಿದರು. ಆಮೇಲೆ, “ತೇವ ಕಡಿಮಿ ಮಾಡಿ ಇನ್ನೊಂದು ಚೀಟಿ ಹೊಡೀರಿ ಸಾಹೇಬ್ರ,” ಎಂದರು. ನನ್ನ ಕಡೆ ತಿರುಗಿ, “ಏನ್ ಟೀಚರಮ್ಮ, ಓದಾಕ ಬರಂಗ ಮಾಡಿ ನನಗs ತಂದಿಟ್ರಲ್ಲ!” ಎಂದು ಹೊಟ್ಟೆ ಹಿಡಿದು ನಕ್ಕರು. ಹೈದರಾಬಾದಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಇನ್ನೊಂದು ಮಿಲ್ಲಿನ ಗುಮಾಸ್ತ ಮೆಲ್ಲಗೆ ಬಂದು, ನಮಗೂ ಒಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿದ. ಸಾವ್ಕಾರರು ಮೇಷ್ಟ್ರ ಮುಖ ನೋಡಿದರು. ನಾನೂ ನೋಡಿದೆ. ಮೇಷ್ಟ್ರು ಕೈ ತೊಳೆದುಕೊಂಡು ಬಂದು ರೊಟ್ಟಿ ಡಬ್ಬಿ ಬಿಚ್ಚಿದರು.

“ಖಾಲಿ ಫ್ಲಾಪಿ ತಂದೀರೇನು? ಹೆಪ್ಪಿಗೆ ಬರೋರು ಬಟ್ಟಲ ತಾವs ತರಬೇಕು.”

ಆ ಸುಗ್ಗಿ ಮುಗಿಯುವ ಹೊತ್ತಿಗೆ ನನಗೆ ಸಿರುಗುಪ್ಪಕ್ಕೆ ಹೋಗುವ ಕೆಲಸವೇ ಅಪರೂಪವಾಯಿತು. ಒಮ್ಮೆ ಹೊಸ ನಂಬರಿನ ಪ್ರತಿ ತರಲು ಹೋಗಿ ಬಳ್ಳಾರಿಗೆ ಮರಳುತ್ತಿದ್ದೆ. ಪಕ್ಕದ ಸೀಟಿನಲ್ಲಿದ್ದವರು ಆದವಾನಿ ಕಡೆಯವರು. ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದಾಗ ಒಂದು ಚೀಟಿ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಟ್ಟೆ. ಕೊಡುವಾಗ ಕಣ್ಣು ಹೋಯಿತು. ಪೂರ್ತಿ ತೆಲುಗು. ನಾನು ಹೆಸರು ಕೂಡ ಕೇಳಿರದ ಯಾವುದೋ ಮಿಲ್ಲಿನದು. ಅದರಲ್ಲಿ ‘ಲಾರಿ’ ಎಂದಿದ್ದ ಕಡೆ, ಅಕ್ಷರದ ತಲೆಯ ಎಡಗಡೆ, ಒಂದು ಚುಕ್ಕೆ.

ನಾನು ಚೀಟಿಯನ್ನು ಬಿಡದೆ ಹಿಡಿದುಕೊಂಡೇ ಇದ್ದೆ. ಕಣ್ಣು ತುಂಬಿ ಬಂತು, ಯಾಕೆಂದು ಆ ಮನುಷ್ಯನಿಗೆ ಹೇಳುವುದು ಹೇಗೆ?

“ಆ ಚುಕ್ಕಿ ನೋಡ್ತೀರೇನ್ರಿ?” ಎಂದರು ಅವರು. “ನಮ್ಮ ಕಡೆ ಎಲ್ಲಾ ಚೀಟಿಗೂ ಬರ್ತೈತಿ. ಪ್ರಿಂಟರ್ ಕೆಟ್ಟೈತಂತ.”

“ಕೆಟ್ಟಿಲ್ರಿ,” ಎಂದೆ. “ಅದು ನಮ್ಮ ಮನಿ ದೃಷ್ಟಿಬೊಟ್ಟು.”